ಬಹುಮಾನ ಪಡೆದ ನನ್ನ ತಪ್ಪು ವರದಿ

ಹೋದ ವಾರ ಕಂಪ್ಲಿ ಕಡೆಯ ಶಾಲೆಯೊಂದರಿಂದ ಹೊಸ ಶಿಕ್ಷಕಿಯೊಬ್ಬಳು ಫೋನ್ ಮಾಡಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ಆಗಿಲ್ಲ. "ಮೇಡಂ, ನಿಮ್ಮ ಹತ್ರ ಯಾವುದಾದ್ರೂ ಕ್ರಿಯಾ ಸಂಶೋಧನೆ ಇದ್ರ ಜಲ್ದಿ ಕಳಸ್ರಿ. ನಾಳೆ ಲಾಸ್ಟ್ ಡೇಟ್ ಐತ್ರಿ. ಪಿಡಿಎಫ್ ಆದ್ರೂ ನಡೀತೈತಿ," ಅಂದಳು.

"ಯಾವ ಸಮಸ್ಯೆ ಮ್ಯಾಲ ಬೇಕವ್ವಾ?" ಎಂದು ಕೇಳಿದೆ.

"ಯಾವುದಾದ್ರೂ ನಡೀತೈತ್ರಿ ಮೇಡಂ. ಶಾಲಿ ಹೆಸರು ಚೇಂಜ್ ಮಾಡ್ಕೊಂತೀನಿ."

ನನಗೆ ರೇಗಿಹೋಯಿತು. ಮೂವತ್ನಾಲ್ಕು ವರ್ಷ ಪಾಠ ಮಾಡಿದವಳ ಸಿಟ್ಟು ಪಿಂಚಣಿ ಶುರುವಾದ ಕೂಡಲೇ ಇಳಿಯುವುದಿಲ್ಲ. "ತಲಿನೋವಿನ ಮಾತ್ರೆನ ಕಾಲು ಮುರದವಗೆ ಕೊಡ್ತೀಯೇನು? ಇಡು ಫೋನು," ಎಂದು ಬೈದು ನಾನೇ ಇಟ್ಟೆ. ಆಮೇಲೆ ಚಹಾ ಕುದಿಯಲು ಇಟ್ಟು ನಿಂತಾಗ ನಗು ಬಂತು. ಅವಳ ವಯಸ್ಸಿನಲ್ಲಿ ನಾನು ಮಾಡಿದ್ದೂ ಅದೇ ಕೆಲಸ. ನನ್ನ ಕಾಲದಲ್ಲಿ ಪಿಡಿಎಫ್ ಇರಲಿಲ್ಲ, ಕೈಯಲ್ಲಿ ನಕಲು ಮಾಡುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಪಾಪ, ಆ ಹುಡುಗಿಗೆ ಬೈದದ್ದಕ್ಕೆ ಬದಲಾಗಿ ಇದನ್ನು ಬರೆಯುತ್ತಿದ್ದೇನೆ. ಇದನ್ನೇ ಹೆಸರು ಬದಲಿಸಿ ಸಲ್ಲಿಸಿದರೆ ಮಾತ್ರ ನಾನು ಜವಾಬ್ದಾರಳಲ್ಲ.

ಕ್ರಿಯಾ ಸಂಶೋಧನೆ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ಅದು ದೊಡ್ಡ ವಿದ್ವಾಂಸರ ಕೆಲಸವಲ್ಲ. ತನ್ನ ತರಗತಿಯಲ್ಲಿ ಒಂದು ತೊಂದರೆ ಕಂಡರೆ ಶಿಕ್ಷಕರೇ ಅದರ ಕಾರಣ ಹುಡುಕುವುದು, ಒಂದು ಉಪಾಯ ಮಾಡಿ ನೋಡುವುದು, ಫಲ ಸಿಕ್ಕಿತೋ ಇಲ್ಲವೋ ಬರೆದಿಡುವುದು. ಕೇಳಲು ಎಷ್ಟು ಸರಳ! ಆದರೆ ಮೇಲಿನಿಂದ ಆದೇಶ ಬಂದರೆ ನಮ್ಮವರಿಗೆ ಎಲ್ಲವೂ ಒಂದು ಫೈಲು. ಫೈಲು ತುಂಬಿದರೆ ಸಂಶೋಧನೆ ಮುಗಿಯಿತು.

ನನ್ನ ಮೊದಲ ಶಾಲೆ ಸಂಡೂರು ತಾಲೂಕಿನ ಚೋರನೂರು. ಆಗ ತರಬೇತಿಯಲ್ಲಿ ಎಲ್ಲರೂ ತಲಾ ಒಂದು ಸಂಶೋಧನೆ ಬರೆದುಕೊಡಬೇಕು ಎಂದರು. ನಾನು ಗೆಳತಿಯೊಬ್ಬಳಿಂದ ಒಂದು ವರದಿ ತಂದು, ಊರಿನ ಹೆಸರು ಬದಲಿಸಿ, ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿ ಕೊಟ್ಟೆ. ಗೈರುಹಾಜರಿಯ ಬಗ್ಗೆ ಇತ್ತು, ನಮ್ಮಲ್ಲೂ ಗೈರುಹಾಜರಿ ಇದ್ದೇ ಇತ್ತು. ಪೂರ್ತಿ ಓದುವ ಗೋಜಿಗೆ ಹೋಗಲಿಲ್ಲ.

ತಾಲೂಕಿನಿಂದ ಶಾಲೆಗಳನ್ನು ನೋಡಲು ಬರುತ್ತಿದ್ದ ಸಂಪನ್ಮೂಲ ವ್ಯಕ್ತಿಯನ್ನು ದೊಡ್ಡಬಸಪ್ಪ ಸರ್ ಎಂದು ಕರೆಯೋಣ. ಹಳೆಯ ಲೂನಾ ಗಾಡಿ, ಹೆಗಲಿಗೆ ಬಟ್ಟೆಯ ಚೀಲ, ಬಾಯಲ್ಲಿ ಸದಾ ಲವಂಗ. ಅವರು ನನ್ನ ವರದಿ ಹಿಡಿದು ತರಗತಿಗೆ ಬಂದರು, ಕಿಟಕಿಯ ಹತ್ತಿರ ನಿಂತು ಹೊರಗಿನ ಒಣ ಹೊಲಗಳನ್ನು ಬಹಳ ಹೊತ್ತು ನೋಡಿದರು.

"ಮೇಡಂ, ನನಗೊಂದು ಡೌಟ್ ಐತ್ರಿ," ಅಂದರು. "ಚೋರನೂರಿಗೆ ಸಮುದ್ರ ಯಾವ ದಿಕ್ಕಿಗೆ ಬರ್ತೈತಿ?"

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಓದಿದರು: 'ಪಾಲಕರು ಮೀನುಗಾರಿಕೆಗಾಗಿ ಸಮುದ್ರಕ್ಕೆ ತೆರಳುವುದರಿಂದ ಮಕ್ಕಳು ಶಾಲೆಗೆ ಗೈರುಹಾಜರಾಗುತ್ತಾರೆ.' ಕರಾವಳಿಯ ಯಾವುದೋ ಶಾಲೆಯ ವರದಿ ಅದು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಅವರು ಬೈಯಲಿಲ್ಲ. "ನಿಮ್ಮ ಹುಡುಗ್ರು ಶೇಂಗಾ ಕೀಳಾಕ ಹೋಗ್ಯಾರ. ಇಲ್ಲೇ ಕಿಟಕ್ಯಾಗ ಕಾಣ್ತೈತಲ್ರಿ," ಎಂದು ಚೀಲದಿಂದ ಒಂದು ತೆಳ್ಳನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ಇದ್ರಾಗ ದಿನಾ ಒಂದು ಸಾಲು ಬರೀರಿ. ಏನ್ ಕಂಡ್ರಿ ಅದನ್ನ ಬರೀರಿ. ಏನ್ ಅನಿಸ್ತು ಅದು ಬ್ಯಾಡ."

ಆವತ್ತಿನಿಂದ ನಿವೃತ್ತಿಯವರೆಗೆ ನಾನು ನೋಟ್‌ಬುಕ್ ಬಿಡಲಿಲ್ಲ. ಆದರೆ ಅವರು ಹೇಳಿದ್ದರಲ್ಲಿ ಅರ್ಧ ಮಾತ್ರ ನನ್ನ ತಲೆಗೆ ಹೋಗಿತ್ತು ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಮುಂದೆ ಕಂಪ್ಲಿಯ ಶಾಲೆಗೆ ವರ್ಗವಾಯಿತು. ಅಲ್ಲಿ ಮೂರನೇ ತರಗತಿಯ ಮಕ್ಕಳು ಬೆಳಿಗ್ಗೆ ಚುರುಕು, ಮಧ್ಯಾಹ್ನ ಮಂಕು. ಬೋರ್ಡಿನ ಮೇಲಿನ ಲೆಕ್ಕವನ್ನು ತಪ್ಪುತಪ್ಪಾಗಿ ಇಳಿಸಿಕೊಳ್ಳುತ್ತಿದ್ದರು. "ಗದ್ದಿ ಊರು ಮೇಡಂ, ಅನ್ನ ಉಂಡು ತೂಕಡಸ್ತಾವು," ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಯಾರು ಯಾರು ತಪ್ಪು ಇಳಿಸುತ್ತಾರೆ ಎಂದು ಬರೆದುಕೊಂಡೆ. ಎರಡು ವಾರದ ಮೇಲೆ ನೋಡಿದರೆ ಎಲ್ಲರೂ ಬಲಗಡೆ ಕೂರುವವರೇ! ಹೋಗಿ ಅವರ ನಡುವೆ ಕುಳಿತು ನೋಡಿದೆ. ಪಶ್ಚಿಮದ ಕಿಟಕಿಯಿಂದ ಬಿಸಿಲು ಬಿದ್ದು ಬೋರ್ಡು ಥಳಥಳ ಹೊಳೆಯುತ್ತಿತ್ತು, ಒಂದು ಅಂಕಿಯೂ ಕಾಣುತ್ತಿರಲಿಲ್ಲ. ಬೋರ್ಡನ್ನು ಎದುರು ಗೋಡೆಗೆ ಹಾಕಿಸಿ, ಮಕ್ಕಳನ್ನೆಲ್ಲ ಆ ಕಡೆ ತಿರುಗಿಸಿ ಕೂರಿಸಿದೆ. ಅಲ್ಲಿಗೆ ಮುಗಿಯಿತು.

ಅದು ನನ್ನ ಮೊದಲ ನಿಜವಾದ ಸಂಶೋಧನೆ. ಎಷ್ಟು ಹೆಮ್ಮೆಪಟ್ಟೆನೆಂದರೆ, ನಾನು ಕಂಡದ್ದೆಲ್ಲ ಸತ್ಯ, ನನಗೆ ಅನಿಸಿದ್ದೂ ಸತ್ಯ ಎಂಬ ಜಂಬ ತಲೆಗೇರಿತು.

ಅದೇ ಜಂಬದಲ್ಲಿ ತೋರಣಗಲ್ಲಿನ ಹತ್ತಿರದ ಒಂದು ಹಳ್ಳಿಯ ಶಾಲೆಗೆ ಬಂದೆ. ಊರಿನ ಹೆಸರು ಬೇಡ. ಒಂದರಿಂದ ಐದನೇ ತರಗತಿಯವರೆಗೆ, ಇಬ್ಬರೇ ಶಿಕ್ಷಕರು. ಹೊಸಪೇಟೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಪಾಲಕರಲ್ಲಿ ಮುಕ್ಕಾಲು ಪಾಲು ಜನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು. ಮಕ್ಕಳು ಹತ್ತು ನಿಮಿಷ, ಅರ್ಧ ಗಂಟೆ ತಡವಾಗಿ ಬರುವುದು ಅಲ್ಲಿ ಮಾಮೂಲು. ನನಗೆ ಅದು ಮೈಯೆಲ್ಲ ಉರಿಸುತ್ತಿತ್ತು. ಒಂದು ನಿಯಮ ಮಾಡಿದೆ: ಪ್ರಾರ್ಥನೆ ಮುಗಿದ ಮೇಲೆ ಬಂದವರು ಅಂಗಳದ ಬೇವಿನ ಗಿಡದ ಕೆಳಗೆ ಕೂರಬೇಕು, ಮೊದಲ ಪೀರಿಯಡ್ ಮುಗಿಯುವವರೆಗೆ ಒಳಗೆ ಪ್ರವೇಶವಿಲ್ಲ. ತಡವಾಗಿ ಬಂದವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಚುಕ್ಕೆ. ಮೊದಲ ಪೀರಿಯಡ್ ಕನ್ನಡ ಓದು.

ನಾಲ್ಕನೇ ತರಗತಿಯಲ್ಲಿ ಐದು ಮಕ್ಕಳಿಗೆ ಓದು ಬರುತ್ತಿರಲಿಲ್ಲ. ನನಗೆ ಸಂಶೋಧನೆಯ ವಿಷಯ ಸಿಕ್ಕಿತು. ಒಂದು ಪರೀಕ್ಷೆ, ಆರು ವಾರ ಪದಗಳ ಚೀಟಿಗಳಿಂದ ಆಟ, ಕಡೆಗೆ ಇನ್ನೊಂದು ಪರೀಕ್ಷೆ. ಎಲ್ಲವೂ ಮೊದಲ ಪೀರಿಯಡ್‌ನಲ್ಲಿ. ನಾಲ್ವರು ಓದತೊಡಗಿದರು. ಒಬ್ಬ ಹುಡುಗಿ ಮಾತ್ರ ಇದ್ದಲ್ಲೇ ಇದ್ದಳು. ಕೊನೆಯ ಪರೀಕ್ಷೆಯ ದಿನವೂ ತಡವಾಗಿ ಬಂದವಳನ್ನು ಪರೀಕ್ಷೆ ಎಂದು ನಾನೇ ಅರ್ಧದಲ್ಲಿ ಒಳಗೆ ಕರೆದರೆ, ಹೆದರಿ, ಬಾಯಿ ಬಿಡದೆ ನಿಂತಳು. ಸೊನ್ನೆ ಹಾಕಿದೆ. ಅವಳನ್ನು ಇಲ್ಲಿ ಈರಮ್ಮ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಆಗಿನ ವರದಿಯಲ್ಲಿ ಮಾತ್ರ ಅವಳ ನಿಜವಾದ ಹೆಸರನ್ನೇ, ತಂದೆಯ ಹೆಸರಿನ ಸಮೇತ, ದಪ್ಪ ಅಕ್ಷರದಲ್ಲಿ ಬರೆದಿದ್ದೆ.

ವರದಿಯ ನಮೂನೆಯಲ್ಲಿ 'ಸಂಭವನೀಯ ಕಾರಣಗಳು' ಎಂಬ ಒಂದು ಭಾಗ ಇರುತ್ತದೆ. ನಾವೆಲ್ಲ ಅಲ್ಲಿ ಏನು ಬರೆಯುತ್ತಿದ್ದೆವು ಗೊತ್ತೇ? ಬಡತನ, ಪಾಲಕರ ಅನಕ್ಷರತೆ, ಮನೆಯ ವಾತಾವರಣ, ಮಗುವಿನ ನಿರಾಸಕ್ತಿ. ನಾನು ನೋಡಿದ ಅಷ್ಟೂ ವರದಿಗಳಲ್ಲಿ 'ಶಿಕ್ಷಕಿ' ಎಂಬ ಪದವನ್ನು ಆ ಭಾಗದಲ್ಲಿ ಕಂಡಿಲ್ಲ. ನಾನೂ ಬರೆಯಲಿಲ್ಲ. ಈರಮ್ಮನ ತಾಯಿ ಹನುಮಕ್ಕ ಒಂದು ಸಲವೂ ಪಾಲಕರ ಸಭೆಗೆ ಬಂದಿರಲಿಲ್ಲ. ಹಾಗಾಗಿ, 'ತಾಯಿಗೆ ಮಗಳ ವಿದ್ಯಾಭ್ಯಾಸದ ಬಗ್ಗೆ ಎಳ್ಳಷ್ಟೂ ಕಾಳಜಿಯಿಲ್ಲ' ಎಂದು ಬರೆದೆ. ಅವಳ ಮುಖವನ್ನೂ ನಾನು ನೋಡಿರಲಿಲ್ಲ.

ವರದಿಗೆ ಬಹುಮಾನ ಬಂತು. ಶಾಲು, ಹಾರ, ಒಂದು ಗೋಡೆ ಗಡಿಯಾರ. ಮಾದರಿ ವರದಿ ಎಂದು ಜೆರಾಕ್ಸ್ ಮಾಡಿಸಿ ಸುತ್ತಲಿನ ಶಾಲೆಗಳಿಗೆಲ್ಲ ಹಂಚಿದರು. ಆ ಗಡಿಯಾರ ಈಗಲೂ ನಮ್ಮ ಅಡುಗೆಮನೆಯಲ್ಲಿ ನಡೆಯುತ್ತಿದೆ.

ಮರುವರ್ಷ ಈರಮ್ಮ ಐದನೆಯ ತರಗತಿಗೆ ಬಂದಳು. ಒಂದು ದಿನ ಪಾಪಿನಾಯಕನಹಳ್ಳಿಯ ಹತ್ತಿರ ಅದಿರು ಲಾರಿಯೊಂದು ರಸ್ತೆಗೆ ಅಡ್ಡ ನಿಂತು ನಮ್ಮ ಬಸ್ಸು ಅಲ್ಲೇ ಸಿಕ್ಕಿಬಿತ್ತು. ನಾನು ಶಾಲೆ ಸೇರುವಷ್ಟರಲ್ಲಿ ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾಗಿತ್ತು. ಸಹಶಿಕ್ಷಕರು ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಬೇವಿನ ಗಿಡದ ಕೆಳಗೆ ಆರು ಮಕ್ಕಳು ಇದ್ದರು. ನಾನು ಇಲ್ಲದಿದ್ದರೂ ನನ್ನ ನಿಯಮ ಪಾಲಿಸುತ್ತಾ ಕುಳಿತಿದ್ದರು. ಹಿಂದಿನಿಂದ ಬರುತ್ತಿದ್ದ ನನಗೆ ಯಾರೋ ತಡವರಿಸುತ್ತಾ ಪಾಠ ಓದುವುದು ಕೇಳಿಸಿತು. ಈರಮ್ಮ ಉಳಿದ ಐವರಿಗೆ ಪಠ್ಯಪುಸ್ತಕ ಓದಿ ಹೇಳುತ್ತಿದ್ದಳು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು, ತಪ್ಪುತ್ತಿದ್ದಳು, ಆದರೆ ಓದುತ್ತಿದ್ದಳು. ವರದಿಯಲ್ಲಿ ನಾನು ಸೊನ್ನೆ ಹಾಕಿದ ಹುಡುಗಿ!

ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಒಬ್ಬಳು ಪುಟ್ಟ ಹುಡುಗಿ ಪಾಪ, ಸರಿದು ಜಾಗ ಮಾಡಿಕೊಟ್ಟು, "ನಿಮಗೂ ತಡ ಆತೇನ್ರಿ ಟೀಚರ್? ಕುಂದ್ರಿ," ಅಂದಳು. ವ್ಯಂಗ್ಯವಿರಲಿಲ್ಲ, ನಿಯಮ ಅಂದರೆ ಎಲ್ಲರಿಗೂ ಎಂದುಕೊಂಡಿದ್ದಳು. ನಾನು ಕುಳಿತೆ. ಬೇರೇನು ಮಾಡಲಿ?

"ನೀ ಯಾಕವ್ವಾ ದಿನಾ ತಡ?" ಎಂದು ಈರಮ್ಮನನ್ನು ಕೇಳಿದೆ. ಎರಡು ವರ್ಷದಲ್ಲಿ ಅವಳನ್ನು ಹೀಗೆ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ಬೈದಿದ್ದೆ, ಕೇಳಿರಲಿಲ್ಲ.

"ದಿನಾ ಇಲ್ರಿ ಟೀಚರ್. ಅವ್ವಗ ಫಸ್ಟ್ ಶಿಫ್ಟ್ ಇದ್ದಾಗ ಅಷ್ಟ. ಆಕಿ ಐದಕ್ಕ ಬಸ್ಸಿಗೆ ಹೋಗ್ತಾಳ್ರಿ. ತಂಗೀನ ಅಂಗನವಾಡಿಗೆ ಬಿಟ್ಟು ಬರಬೇಕು. ಅಂಗನವಾಡಿ ಬಾಗ್ಲಾ ತಗಿಯೋತನ ನಿಂದ್ರತೀನ್ರಿ."

"ಮತ್ತ ಸೆಕೆಂಡ್ ಶಿಫ್ಟ್ ಇದ್ದಾಗ?"

"ಆವಾಗ ಪ್ರಾರ್ಥನಾಕ್ಕ ಮುಂದ ನಿಂತಿರ್ತೀನಲ್ರಿ. ನೀವು ನೋಡಿಲ್ಲೇನ್ರಿ?"

ಆ ದಿನ ಊಟದ ಹೊತ್ತಿನಲ್ಲಿ ಹಿಂದಿನ ವರ್ಷದ ಹಾಜರಿ ಪುಸ್ತಕ ತೆಗೆದೆ. ನಾನೇ ಇಟ್ಟ ಕೆಂಪು ಚುಕ್ಕೆಗಳು. ಈರಮ್ಮನ ಸಾಲಿನಲ್ಲಿ ಒಂದು ವಾರ ಪೂರ್ತಿ ಚುಕ್ಕೆ, ಮುಂದಿನ ವಾರ ಒಂದೂ ಇಲ್ಲ, ಮತ್ತೆ ಒಂದು ವಾರ ಚುಕ್ಕೆ. ವರ್ಷದುದ್ದಕ್ಕೂ ಹಾಗೇ. ಕಾರ್ಖಾನೆಯ ಶಿಫ್ಟು ನನ್ನ ಪುಸ್ತಕದಲ್ಲಿ ಅಚ್ಚೊತ್ತಿ ಕುಳಿತಿತ್ತು. ಆರು ವಾರದ ಪ್ರಯೋಗದಲ್ಲಿ ಮೂರು ವಾರ ಆ ಮಗುವನ್ನು ಗಿಡದ ಕೆಳಗೆ ಕೂರಿಸಿದ್ದೆ. ಓದು ಕಲಿಸುವ ಪೀರಿಯಡ್‌ನಿಂದ ನಾನೇ ಹೊರಗೆ ಹಾಕಿ, ಇವಳಿಗೆ ಓದು ಬರುವುದಿಲ್ಲ ಎಂದು ಬರೆದು, ಶಾಲು ಹೊದ್ದುಕೊಂಡು ಬಂದಿದ್ದೆ. ಪುಸ್ತಕದ ಮೇಲೆ ತಲೆಯಿಟ್ಟು ಅತ್ತೆ. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಮರುದಿನವೇ ಓದಿನ ಪೀರಿಯಡ್ ಬಿಸಿಯೂಟದ ನಂತರಕ್ಕೆ ಹೋಯಿತು. ಗಿಡದ ಕೆಳಗೆ ಕೂರುವ ಶಿಕ್ಷೆ ರದ್ದಾಯಿತು. ಅಂಗನವಾಡಿಯ ಕಾರ್ಯಕರ್ತೆಯ ಹತ್ತಿರ ಮಾತಾಡಿದೆ. ಆಕೆ, "ಇಷ್ಟ ದಿನ ಯಾರೂ ಹೇಳಿಲ್ಲಲ್ರಿ ಮೇಡಂ," ಎಂದು ಸ್ವಲ್ಪ ಬೇಗ ಬಾಗಿಲು ತೆಗೆಯಲು ಒಪ್ಪಿದರು. ದಸರಾ ರಜೆ ಮುಗಿದು ಬರುವ ಹೊತ್ತಿಗೆ ಈರಮ್ಮ ಪಾಠಗಳನ್ನು ಸರಾಗವಾಗಿ ಓದುತ್ತಿದ್ದಳು.

ದೊಡ್ಡಬಸಪ್ಪ ಸರ್ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಲವಂಗ ಅಗಿಯುವುದನ್ನು ನಿಲ್ಲಿಸಿ ಕೇಳಿದರು. "ಬರದು ಕೊಡ್ರಿ. ಮೊದಲನೇದಕ್ಕಿಂತ ಇದು ಭಾಳ ಚಲೋ ಸಂಶೋಧನಾ ಐತಿ," ಅಂದರು. ಒಂದು ಪುಟ ಬರೆದು ಕಚೇರಿಗೆ ಕೊಟ್ಟೆ. ಬಹುಮಾನದ ವರದಿ ಇಪ್ಪತ್ತು ಶಾಲೆಗಳಿಗೆ ಹೋಗಿತ್ತು, ತಪ್ಪೊಪ್ಪಿಗೆಯ ಪುಟ ಒಂದು ಕಪಾಟಿಗೆ ಹೋಯಿತು. ಅದನ್ನು ಯಾರೂ ಜೆರಾಕ್ಸ್ ಮಾಡಿಸಲಿಲ್ಲ.

ಅದರ ಫಲ ಮುಂದಿನ ಜೂನ್‌ನಲ್ಲಿ ಗೊತ್ತಾಯಿತು. ಈರಮ್ಮ ಆರನೆಯ ತರಗತಿಗೆ ಪಕ್ಕದ ದೊಡ್ಡ ಊರಿನ ಶಾಲೆಗೆ ಹೋಗಬೇಕು. ಹನುಮಕ್ಕ ಮೊದಲ ಬಾರಿಗೆ ನಮ್ಮ ಶಾಲೆಯ ಬಾಗಿಲಿಗೆ ಬಂದಳು, ಒಂದು ದಿನದ ಕೂಲಿ ಬಿಟ್ಟು. ಸಣಕಲು ಹೆಂಗಸು, ಕೊರಳಲ್ಲಿ ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು.

"ಮೇಡಮ್ಮ, ಇಕಿನ್ನ ಬಿ ಸೆಕ್ಷನ್‌ಗೆ ಹಾಕ್ತಾರಂತ್ರಿ. ಓದಾಕ ಬರಲ್ಲಂತ ಪೇಪರ್‌ನಾಗ ಬರದೈತಂತ. ಓದಾಕ ಬರಲ್ಲ ಅಂದ್ಮ್ಯಾಲ ಯಾಕ ಕಳಸೋದ್ರಿ? ಮನ್ಯಾಗ ತಂಗೀನ ನೋಡ್ಕೊಂಡು ಇರ್ಲಿ ಬಿಡ್ರಿ."

ಆ ಶಾಲೆಯ ಬಿ ಸೆಕ್ಷನ್ ಎಂದರೆ ಕಲಿಯದ ಮಕ್ಕಳನ್ನು ಕೂಡಿಹಾಕುವ ಕೋಣೆ. ವರ್ಷ ತುಂಬುವುದರೊಳಗೆ ಅಲ್ಲಿನ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದರು. ಈರಮ್ಮ ತಾಯಿಯ ಹಿಂದೆ ನಿಂತು ತನ್ನ ಕಾಲಬೆರಳು ನೋಡುತ್ತಿದ್ದಳು. ಇದ್ದ ಕೆಲಸ ಸಹಶಿಕ್ಷಕರಿಗೆ ಒಪ್ಪಿಸಿ, ಇಬ್ಬರನ್ನೂ ಕರೆದುಕೊಂಡು ಸೀದಾ ಆ ಶಾಲೆಗೆ ಹೋದೆ.

ಅಲ್ಲಿನ ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. "ಬರ್ರಿ ಮೇಡಂ, ಕುಂದ್ರಿ," ಎಂದು ಕುರ್ಚಿ ಎಳೆದರು. ನನ್ನ ವರದಿಯ ಪ್ರತಿಯನ್ನು ತೆಗೆದು ಮೇಜಿನ ಮೇಲಿಟ್ಟರು. "ನೀವ ಬರದೀರಲ್ರಿ. ನಾವು ಸಂಶೋಧನಾ ಓದಿ ಅದರ ಪ್ರಕಾರ ಮಕ್ಕಳನ್ನ ಹಾಕೀವಿ. ಬಳಸ್ರಿ ಬಳಸ್ರಿ ಅಂತ ತರಬೇತ್ಯಾಗ ಹೇಳ್ತಾರಲ್ರಿ."

"ಅದು ತಪ್ಪು ಐತ್ರಿ ಸರ್."

"ಬಹುಮಾನ ಬಂದಿದ್ದು ತಪ್ಪು ಹೆಂಗ ಆಕ್ಕೈತ್ರಿ?"

ನನ್ನ ಹಾಳು ಸಿಟ್ಟು ಬಂದುಬಿಟ್ಟಿತು. ವಾದದಲ್ಲಿ ಗೆಲ್ಲಬೇಕು ಎಂಬುದೊಂದೇ ತಲೆಯಲ್ಲಿತ್ತು. ವರದಿಯನ್ನು ಎತ್ತಿ, ಅವಳ ಹೆಸರಿದ್ದ ಪುಟ ತೆರೆದು ಈರಮ್ಮನ ಕೈಗೆ ಕೊಟ್ಟೆ. "ಓದವ್ವಾ. ಗಟ್ಟಿಯಾಗಿ ಓದು. ಸರ್‌ಗೆ ಕೇಳಲಿ."

ಈರಮ್ಮ ಓದತೊಡಗಿದಳು. ತನ್ನ ಹೆಸರು, ತಂದೆಯ ಹೆಸರು, ತರಗತಿ. "ಈಕೆಗೆ ಸರಳ ಪದಗಳನ್ನೂ ಓದಲು ಬರುವುದಿಲ್ಲ." ಒಂದು ಅಕ್ಷರ ತಪ್ಪಲಿಲ್ಲ. ಅಲ್ಲಿಗೆ ನಿಂತಳು.

ಮುಂದಿನದು ತಾಯಿಯ ಕಾಳಜಿಯ ಬಗ್ಗೆ ನಾನು ಬರೆದ ಸಾಲು ಎಂದು ನನಗೆ ಆಗ ನೆನಪಾಯಿತು. ಬರೆದವಳು ನಾನು, ಓದಬೇಕಾದವಳು ಮಗಳು, ಕೇಳುತ್ತಾ ನಿಂತವಳು ಕೂಲಿ ಬಿಟ್ಟು ಬಂದ ತಾಯಿ. ಕಸಿದುಕೊಳ್ಳಲು ಕೈ ಚಾಚಿದೆ, ಆದರೆ ಕಸಿದರೆ ಆಟ ಮುಗಿಯಿತು.

"ನೋಡ್ರಿ, ನಿಂತ್ಲು," ಅಂದರು ಮುಖ್ಯೋಪಾಧ್ಯಾಯರು.

"ಓದವ್ವಾ, ಯಾಕ ನಿಂತಿ?" ಎಂದು ಹನುಮಕ್ಕ ಮಗಳ ಬೆನ್ನು ಸವರಿದಳು. ಮಗಳು ಓದಿದ್ದನ್ನು ಕೇಳಿ ಅವಳ ಮುಖ ಅರಳಿತ್ತು.

ಈರಮ್ಮ ಒಮ್ಮೆ ತಾಯಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿ ಓದಿದಳು: "ಆರು ವಾರಗಳ ಪ್ರಯತ್ನದ ನಂತರವೂ ಈ ವಿದ್ಯಾರ್ಥಿನಿಯ ಪ್ರಗತಿ ಶೂನ್ಯವಾಗಿರುತ್ತದೆ." ಅಲ್ಲಿಂದ ಪುಟದ ಕೊನೆಯವರೆಗೂ ಎಲ್ಲೂ ತಡೆಯದೆ ಓದಿ, ಹಾಳೆಗಳನ್ನು ಮೇಜಿನ ಮೇಲಿಟ್ಟಳು.

ಮುಖ್ಯೋಪಾಧ್ಯಾಯರು ಜೋರಾಗಿ ನಕ್ಕರು. "ಭಲೇ! ಓದಾಕ ಬರಲ್ಲ ಅಂತ ಬರದಿದ್ದನ್ನ ಇಷ್ಟು ಮಸ್ತ್ ಓದಿದ್ಲಲ್ರಿ!" ಪೆನ್ನು ತೆಗೆದು ದಾಖಲಾತಿ ಪುಸ್ತಕದಲ್ಲಿ 'ಬಿ' ಹೊಡೆದು 'ಎ' ಎಂದು ಬರೆದರು. ಆ ವರದಿಯ ಪ್ರತಿಯನ್ನು ನಾನು ಕೇಳಿ ತೆಗೆದುಕೊಂಡೆ. ಆಮೇಲೆ ಉಳಿದ ಶಾಲೆಗಳಿಗೂ ಒಂದೊಂದಾಗಿ ಹೋಗಿ ಸಿಕ್ಕ ಪ್ರತಿಗಳನ್ನೆಲ್ಲ ವಾಪಸ್ ತಂದೆ. ಮೂರು ಇನ್ನೂ ಸಿಕ್ಕಿಲ್ಲ.

ಕಂಪ್ಲಿಯ ಹುಡುಗಿಗೆ ನಾನು ಹೇಳಬೇಕಾದದ್ದು ಇಲ್ಲಿದೆ. ಮಗುವಿನ ಹೆಸರು ಬರೆಯಬೇಡ. ಕಾರಣಗಳ ಪಟ್ಟಿಯಲ್ಲಿ ಮೊದಲು ನಿನ್ನ ಹೆಸರು ಬರೆದು ನೋಡು, ಹೊಂದದಿದ್ದರೆ ಆಮೇಲೆ ಹೊಡೆದುಹಾಕು. ಇನ್ನು ಕಂಡದ್ದು ಯಾವುದು, ಅನಿಸಿದ್ದು ಯಾವುದು ಎಂಬುದನ್ನು ನನಗೆ ಸರಿಯಾಗಿ ಕಲಿಸಿದ್ದು ಯಾವ ತರಬೇತಿಯೂ ಅಲ್ಲ. ಆ ದಿನ ದೊಡ್ಡ ಊರಿನ ಶಾಲೆಯಿಂದ ಹೊರಟು ಮೂವರೂ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆವು. ಹನುಮಕ್ಕ ಸೆಕೆಂಡ್ ಶಿಫ್ಟಾದರೂ ಸಿಗಲಿ ಎಂದು ಅವಸರದಲ್ಲಿ ಮುಂದೆ ಹೋಗುತ್ತಿದ್ದಳು. ನಾನು ಈರಮ್ಮನ ಹತ್ತಿರ ಸರಿದು ಮೆಲ್ಲಗೆ ಕೇಳಿದೆ.

"ನಡುವ ಒಂದು ಸಾಲು ಬಿಟ್ಟೆಲ್ಲವ್ವಾ?"

"ಹೂಂ ರೀ ಟೀಚರ್."

"ಯಾಕ?"

ಅವಳು ಮುಂದೆ ಹೋಗುತ್ತಿದ್ದ ಅವ್ವನನ್ನು ನೋಡಿದಳು. ನನಗೆ ಬೇಜಾರಾಗಬಾರದು ಎಂಬಂತೆ ದನಿ ತಗ್ಗಿಸಿ, "ಅದೊಂದು ಸುಳ್ಳೈತ್ರಿ," ಅಂದಳು.